ಪತ್ರದ ಮೇಲೆ ಪರಿಚಿತರ ಹೆಸರು, ಒಳಗೆ ರೋಗ
(ವೈರಸ್ ಹಿಡಿದ ಕಂಪ್ಯೂಟರುಗಳಿಂದ ಬರುವ ಕಸದಂಚೆಯನ್ನು ತಡೆಯುವ ಬಗೆ)



ನಮ್ಮ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಗೊಬ್ಬರ, ಔಷಧಿ, ಧಾರಣೆ, ಕೊಳೆರೋಗ ಇವುಗಳ ವಿಚಾರ ಬರುತ್ತದೆ. ಈ ಸಂಚಿಕೆಯಲ್ಲಿ ಇನ್ನೊಂದು ಬಗೆಯ ರೋಗದ ವಿಚಾರವನ್ನು ಬರೆಯಬೇಕಾಗಿ ಬಂದಿದೆ. ಇದು ಗಿಡಕ್ಕೆ ತಗಲುವಂಥದಲ್ಲ, ಕಂಪ್ಯೂಟರಿಗೆ ತಗಲುವಂಥದು. ಆದರೂ ಕಳೆದ ಸುಗ್ಗಿಯಲ್ಲಿ ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಕಡೆಯ ನಮ್ಮ ಸದಸ್ಯರಿಗೆ ಇದರಿಂದ ಆದ ತೊಂದರೆ ಯಾವ ಗಿಡದ ರೋಗಕ್ಕೂ ಕಡಿಮೆಯದಾಗಿರಲಿಲ್ಲ. ಅದರಲ್ಲಿ ಸಂಘದ ಕಚೇರಿಯ ತಪ್ಪೂ ಇತ್ತು. ಆದುದರಿಂದ ನಡೆದುದನ್ನು ನಡೆದಂತೆಯೇ ಹೇಳಿ, ಮುಂದೆ ಏನು ಮಾಡಬೇಕೆಂಬುದನ್ನು ವಿವರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಡೆದದ್ದೇನು?

ಆ ಕಡೆಯ ನಮ್ಮ ಸದಸ್ಯರಲ್ಲಿ ಎರಡು ಬಗೆಯವರಿದ್ದಾರೆ. ಕೊಳವೆಬಾವಿಯ ನೀರನ್ನು ನಂಬಿ ಎಕರೆ ಎರಡೆಕರೆ ಅಡಿಕೆ ಹಾಕಿಕೊಂಡವರು ಕೆಲವರು. ಮಲೆನಾಡಿನಲ್ಲಿ ತಂದೆಯ ಕಾಲದ ಸಣ್ಣ ಕಾಫಿ ತೋಟವನ್ನು ಉಳಿಸಿಕೊಂಡು, ಕೆ.ಜಿ.ಎಫ್.ನಲ್ಲಿ ನೌಕರಿಯಲ್ಲಿರುವವರು ಅಥವಾ ಅಲ್ಲಿಂದ ದಿನಾ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಇನ್ನು ಕೆಲವರು. ಸಂಘದ ನೋಟೀಸು ಬೋರ್ಡನ್ನು ಬಂದು ನೋಡುವುದು ಇವರಿಗೆ ಸಾಧ್ಯವಿಲ್ಲ. ಅದಕ್ಕಾಗಿ ಲಾರಿಗೆ ಮಾಲು ತುಂಬುವ ದಿನ, ತೂಕದ ಚೀಟಿ, ಲೆಕ್ಕದ ವಿವರ ಇವನ್ನೆಲ್ಲ ಇ-ಮೇಲಿನಲ್ಲಿ ಕಳುಹಿಸುವ ಪದ್ಧತಿ ಇಟ್ಟುಕೊಂಡಿದ್ದೇವೆ.

ಒಂದು ದಿನ ಈ ಭಾಗದ ಸದಸ್ಯರೊಬ್ಬರ ಹೆಸರಿನಲ್ಲಿ ಕಚೇರಿಗೆ ಒಂದು ಪತ್ರ ಬಂತು. ಅದು ನಾವೇ ಹಿಂದೆ ಬರೆದಿದ್ದ ಪತ್ರಕ್ಕೆ ಉತ್ತರದ ರೂಪದಲ್ಲಿತ್ತು. ಕೆಳಗೆ ನಮ್ಮ ಹಳೆಯ ಪತ್ರವೂ ಇತ್ತು. ಜೊತೆಗೆ 'ತೂಕದ ಚೀಟಿ' ಎಂದು ಒಂದು ಲಗತ್ತು. ನಮ್ಮ ಗುಮಾಸ್ತರು ಅನುಮಾನಪಡಲು ಕಾರಣವೇ ಇರಲಿಲ್ಲ. ತೆರೆದರು. 'ಒಳಗಿನದನ್ನು ನೋಡಲು ಈ ಗುಂಡಿ ಒತ್ತಿ' ಎಂದಿತ್ತು, ಒತ್ತಿದರು. ಏನೂ ಕಾಣಿಸಲಿಲ್ಲ. ಕಾಗದ ಕೆಟ್ಟಿರಬೇಕೆಂದು ಬಿಟ್ಟುಬಿಟ್ಟರು.

ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಸದಸ್ಯರಿಗೆ ಸಂಘದ ಹೆಸರಿನಲ್ಲಿ ಚಿತ್ರವಿಚಿತ್ರ ಪತ್ರಗಳು ಬರತೊಡಗಿದವು. ಸಾಲ ಕೊಡುತ್ತೇವೆ, ಬಹುಮಾನ ಬಂದಿದೆ, ಬಾಕಿ ಬಿಲ್ಲು ನೋಡಿ ಎಂದು ದಿನಕ್ಕೆ ಹತ್ತು ಹನ್ನೆರಡು. ಬೇಸತ್ತ ಹಲವರು ಸಂಘದ ವಿಳಾಸವನ್ನೇ 'ಬ್ಲಾಕ್' ಮಾಡಿದರು. ಅದಾದ ಮೇಲೆ ನಾವು ಕಳುಹಿಸಿದ ನಿಜವಾದ ಪತ್ರ, ಲಾರಿ ಬರುವ ದಿನ ಬದಲಾಗಿದೆಯೆಂಬ ಸೂಚನೆ, ಅವರಿಗೆ ಕಾಣಲೇ ಇಲ್ಲ. ಬೂದಿಕೋಟೆ ಕಡೆಯ ಸದಸ್ಯರೊಬ್ಬರು ಹಳೆಯ ದಿನಾಂಕಕ್ಕೆ ಸರಿಯಾಗಿ ಅಡಿಕೆ ಮೂಟೆಗಳನ್ನು ರಸ್ತೆಗೆ ತಂದು, ಸಂಜೆಯವರೆಗೆ ಕಾದು, ಕೊನೆಗೆ ಬಾಡಿಗೆ ಟೆಂಪೋದಲ್ಲಿ ವಾಪಸು ಒಯ್ದರು. ಹುಡುಗಿಯ ಕಾಲೇಜು ಫೀಜು ಕಟ್ಟಲು ಆ ಮಾಲಿನ ಹಣವನ್ನೇ ನಂಬಿದ್ದವರು ಅವರು. "ಸಂಘದ ಕಾಗದವನ್ನ ನಾನೇ ಬಂದ್ ಮಾಡಿಬಿಟ್ಟಿದ್ದೆ ಸ್ವಾಮಿ, ಯಾರನ್ನ ದೂರಲಿ?" ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಈ ಲೇಖನ.

ಅವರು ತಡೆದದ್ದು ಹೆಸರನ್ನು. ತಡೆಯಬೇಕಾಗಿದ್ದದ್ದು ರೋಗ ಹಿಡಿದ ಯಂತ್ರವನ್ನು. ಇವೆರಡರ ವ್ಯತ್ಯಾಸ ತಿಳಿದರೆ ಉಳಿದದ್ದೆಲ್ಲ ಸುಲಭ.

ಗೋಣಿಚೀಲದ ಉದಾಹರಣೆ

ಬೆರ್ರಿ ಬೋರರ್ ಎಂದು ನಾವೆಲ್ಲ ಕರೆಯುವ ಕಾಯಿಕೊರಕ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಬಳಿ. ಅಲ್ಲಿಂದ ಕೊಡಗಿಗೆ, ಮಲೆನಾಡಿಗೆ ಬಂತು. ತೋಟದಿಂದ ತೋಟಕ್ಕೆ ಅದು ಸಾಗಿದ ದಾರಿಗಳಲ್ಲಿ ಒಂದು ಗೋಣಿಚೀಲ. ಹುಳು ಬಿದ್ದ ಕಾಯಿ ತುಂಬಿದ್ದ ಚೀಲವನ್ನು ಕೊಡವದೆ, ಔಷಧಿ ಹೊಗೆ ಹಾಕದೆ ಇನ್ನೊಬ್ಬರು ಕೊಂಡೊಯ್ದರೆ ಹುಳುವೂ ಜೊತೆಯಲ್ಲೇ ಹೋಗುತ್ತಿತ್ತು. ಚೀಲದ ಮೇಲೆ ಬರೆದಿದ್ದ ಹೆಸರು ಯಾವ ತೋಟದ್ದೇ ಇರಲಿ, ಹುಳು ಆ ಹೆಸರಿನಿಂದ ಹುಟ್ಟಿದ್ದಲ್ಲ. ಆ ಹೆಸರಿನವರ ಮೇಲೆ ಸಿಟ್ಟಾಗಿ ಅವರ ಚೀಲವನ್ನೇ ಮುಟ್ಟುವುದಿಲ್ಲವೆಂದರೆ ಹುಳು ಬೇರೆ ಹೆಸರಿನ ಚೀಲದಲ್ಲಿ ಬರುತ್ತದೆ.

ಕಸದಂಚೆಯೂ ಹೀಗೆಯೇ. ಅದು ಹೊಸದೇನೂ ಅಲ್ಲ. ಕೇಳದವರಿಗೆ ಒಟ್ಟಾಗಿ ಜಾಹೀರಾತು ಕಳುಹಿಸಿದ ಮೊದಲ ಘಟನೆ 1978ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ನಡೆಯಿತು. ಒಂದು ಕಂಪ್ಯೂಟರು ಕಂಪನಿಯ ಮಾರಾಟಗಾರರು ಸುಮಾರು 400 ಮಂದಿಗೆ ಒಮ್ಮೆಗೇ ಪತ್ರ ಹಾಕಿದ್ದರು. ಆಗ ಕಳುಹಿಸಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಬೈದು ನಿಲ್ಲಿಸಿದರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಾಗಿ ನಾಲ್ಕು ವರ್ಷದಲ್ಲಿ, 1999ರ ಮಾರ್ಚಿನಲ್ಲಿ, 'ಮೆಲಿಸ್ಸಾ' ಎಂಬ ವೈರಸ್ ಹರಡಿತು. ಅದು ಹಿಡಿದ ಕಂಪ್ಯೂಟರಿನಲ್ಲಿದ್ದ ವಿಳಾಸದ ಪಟ್ಟಿ ತೆಗೆದು, ಮಾಲೀಕರ ಹೆಸರಿನಲ್ಲೇ ಪರಿಚಿತರಿಗೆ ಪತ್ರ ಕಳುಹಿಸುತ್ತಿತ್ತು. 2000ದ ಮೇ ತಿಂಗಳಲ್ಲಿ ಫಿಲಿಪೀನ್ಸಿನಿಂದ ಹೊರಟ, ಪ್ರೇಮಪತ್ರದ ಸೋಗಿನ ವೈರಸ್ ಕೂಡ ಇದೇ ಉಪಾಯದಿಂದ ಜಗತ್ತನ್ನು ಸುತ್ತಿತು. ಅಪರಿಚಿತನ ಪತ್ರವನ್ನು ಜನ ತೆರೆಯಲಿಕ್ಕಿಲ್ಲ, ಪರಿಚಿತರ ಪತ್ರವನ್ನು ತೆರೆದೇ ತೆರೆಯುತ್ತಾರೆ ಎಂಬುದು ಅದರ ಲೆಕ್ಕ.

2003ರ 'ಸೋಬಿಗ್', 2004ರ 'ಮೈಡೂಮ್' ಬಂದ ಮೇಲೆ ಸಂಗತಿ ಇನ್ನಷ್ಟು ತೊಡಕಾಯಿತು. ಇವು ಕಳುಹಿಸಿದವರ ಹೆಸರನ್ನೂ ಸುಳ್ಳಾಗಿ ಬರೆಯುತ್ತಿದ್ದವು. ಬೇತಮಂಗಲದ ಒಬ್ಬರ ಕಂಪ್ಯೂಟರಿಗೆ ರೋಗ ಹಿಡಿದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಬಂಗಾರಪೇಟೆಯ ಒಬ್ಬರ ವಿಳಾಸ, ಕಾಮಸಮುದ್ರದ ಒಬ್ಬರ ವಿಳಾಸ ಎರಡೂ ಇವೆ. ವೈರಸ್ಸು ಬಂಗಾರಪೇಟೆಯವರ ಹೆಸರು ಹಾಕಿ ಕಾಮಸಮುದ್ರದವರಿಗೆ ಪತ್ರ ಕಳುಹಿಸುತ್ತದೆ. ಬಂಗಾರಪೇಟೆಯವರ ಯಂತ್ರದಲ್ಲಿ ಯಾವ ದೋಷವೂ ಇಲ್ಲ, ಆದರೆ ಬೈಗುಳವೆಲ್ಲ ಅವರಿಗೆ. ಅಂಚೆ ಲಕೋಟೆಯ ಹಿಂಬದಿಯಲ್ಲಿ 'ಇಂದ' ಎಂದು ಯಾರು ಯಾರ ಹೆಸರನ್ನಾದರೂ ಬರೆಯಬಹುದಷ್ಟೆ. ಇ-ಮೇಲಿನ 'ಇಂದ' ಕೂಡ ಅಷ್ಟೇ ಬೆಲೆಯದು.

ನಮ್ಮ ಕಚೇರಿಯಲ್ಲಿ ಆದಂಥದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. 2014ರಲ್ಲಿ ಮೊದಲು ಕಂಡ 'ಎಮೊಟೆಟ್' ಎಂಬ ವೈರಸ್ಸು ಮುಂದಿನ ವರ್ಷಗಳಲ್ಲಿ ಹಳೆಯ ಪತ್ರವ್ಯವಹಾರವನ್ನೇ ಕದ್ದು, ಅದಕ್ಕೆ ಉತ್ತರವೆಂಬಂತೆ ಲಗತ್ತು ಕಳುಹಿಸುವುದನ್ನು ರೂಢಿಗೆ ತಂದಿತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಒಟ್ಟುಗೂಡಿ ಅದರ ಜಾಲವನ್ನು ಹಿಡಿದರು. ಅದೇ ನವೆಂಬರಿನಲ್ಲಿ ಅದು ಮತ್ತೆ ತಲೆಯೆತ್ತಿತು. ಆ ಉಪಾಯವನ್ನು ಈಗ ಬೇರೆಯವೂ ಕಲಿತಿವೆ.

ತಡೆ ಎಲ್ಲೆಲ್ಲಿ ಇದೆ?

ಬೆಂಗಳೂರಿನಿಂದ ಮಾರಿಕುಪ್ಪಮ್ಮಿಗೆ ಹೋಗುವ ರೈಲು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕವಲೊಡೆಯುವಂತೆ, ನಮ್ಮ ಇ-ಮೇಲು ಕೂಡ ಒಂದು ಜಂಕ್ಷನ್ನನ್ನು ಹಾದು ನಮ್ಮ ಮನೆಗೆ ಬರುತ್ತದೆ. ಅದಕ್ಕೆ ಮೇಲ್ ಸರ್ವರು ಎನ್ನುತ್ತಾರೆ. ಜಿಮೇಲಿನವರದೋ, ಯಾಹೂದವರದೋ, ಸಂಘವೇ ಬಾಡಿಗೆಗೆ ಪಡೆದದ್ದೋ ಯಾವುದಾದರೂ ಆಗಬಹುದು. ಕಸವನ್ನು ಅಲ್ಲಿಯೇ ಇಳಿಸಿಬಿಟ್ಟರೆ ಮನೆ ಬಾಗಿಲಲ್ಲಿ ಹೋರಾಡುವ ಕೆಲಸ ಕಡಿಮೆ. ಅಲ್ಲಿ ನಡೆಯುವ ತಪಾಸಣೆ ಮುಖ್ಯವಾಗಿ ಐದು ಬಗೆ.

ಮೊದಲನೆಯದು, ತಂದವನು ಯಾರು ಎಂಬ ಪರಿಶೀಲನೆ. ಪತ್ರದ ಮೇಲಿನ ಹೆಸರು ಸುಳ್ಳಿರಬಹುದು, ಆದರೆ ಪತ್ರವನ್ನು ಬಾಗಿಲಿಗೆ ತಂದು ಕೊಡುವ ಯಂತ್ರದ ಇಂಟರ್‌ನೆಟ್ ಸಂಖ್ಯೆಯನ್ನು ಸುಲಭವಾಗಿ ಸುಳ್ಳು ಮಾಡಲಾಗದು. ಕಸ ಕಳುಹಿಸುತ್ತಿರುವ, ವೈರಸ್ ಹಿಡಿದಿರುವ ಯಂತ್ರಗಳ ಸಂಖ್ಯೆಗಳನ್ನು ಪಟ್ಟಿ ಮಾಡಿ ಎಲ್ಲರಿಗೂ ಒದಗಿಸುವ ಸಂಸ್ಥೆಗಳಿವೆ. 1998ರಲ್ಲಿ ಆರಂಭವಾದ 'ಸ್ಪಾಮ್‌ಹೌಸ್' ಇವುಗಳಲ್ಲಿ ಪ್ರಸಿದ್ಧವಾದದ್ದು. ಪಟ್ಟಿಯಲ್ಲಿರುವ ಯಂತ್ರ ಬಂದು ಬಾಗಿಲು ತಟ್ಟಿದರೆ ಸರ್ವರು ತೆರೆಯುವುದೇ ಇಲ್ಲ.

ಎರಡನೆಯದು, ಅಧಿಕಾರಪತ್ರ. ಸಂಘದ ಹೆಸರಿನಲ್ಲಿ ಮಾಲು ತಲುಪಿಸಲು ಯಾವ ಲಾರಿಗಳಿಗೆ ಅಧಿಕಾರವಿದೆಯೆಂದು ಮಂಡಿಯ ಬಾಗಿಲಲ್ಲಿ ಮೊದಲೇ ಪಟ್ಟಿ ಅಂಟಿಸಿಟ್ಟರೆ ಬೇರೆ ಲಾರಿ ಬಂದು ಮೋಸ ಮಾಡಲಾರದು. ಇ-ಮೇಲಿನಲ್ಲಿ ಈ ಪಟ್ಟಿಗೆ ಎಸ್.ಪಿ.ಎಫ್. ಎಂದು ಹೆಸರು. ಮೂಟೆಯ ಮೇಲೆ ಅರಗಿನ ಮುದ್ರೆ ಒತ್ತಿದಂತೆ ಪತ್ರದ ಮೇಲೆ ಒತ್ತುವ ಗುರುತಿಗೆ ಡಿ.ಕೆ.ಐ.ಎಮ್. ಎಂದು ಹೆಸರು. ಪಟ್ಟಿಯೂ ಮುದ್ರೆಯೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಮಾಲೀಕರು ಬರೆದಿಡುವ ಸೂಚನೆ ಡಿಮಾರ್ಕ್. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಸಂಸ್ಥೆಗಳು ಬಹುಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಇವನ್ನು ಕಡ್ಡಾಯ ಮಾಡಿವೆ. ನಮ್ಮ ಸಂಘ ಆ ಪಟ್ಟಿಯನ್ನು ಹಾಕಿಸಿಯೇ ಇರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಈಗ ಹಾಕಿಸಲಾಗಿದೆ.

ಮೂರನೆಯದು ಬಹಳ ಸರಳವಾದ, ಆದರೆ ಜಾಣತನದ ಉಪಾಯ. ಹೊಸಬರಿಂದ ಪತ್ರ ಬಂದಾಗ ಸರ್ವರು, "ಈಗ ಪುರುಸೊತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಎನ್ನುತ್ತದೆ. ಕ್ರಮಬದ್ಧವಾದ ಮೇಲ್ ಸರ್ವರು ಸ್ವಲ್ಪ ಹೊತ್ತು ಬಿಟ್ಟು ತಪ್ಪದೆ ಮತ್ತೆ ಬರುತ್ತದೆ. ವೈರಸ್ಸಿನ ಆತುರಕ್ಕೆ ಅಷ್ಟು ತಾಳ್ಮೆ ಇಲ್ಲ. ಒಂದೇ ಸಲ ಎಸೆದು ಮುಂದಿನ ಮನೆಗೆ ಓಡುವುದು ಅದರ ಅಭ್ಯಾಸ. 2003ರಿಂದ ಬಳಕೆಯಲ್ಲಿರುವ ಈ ಉಪಾಯದಿಂದ ಬಹಳಷ್ಟು ಕಸ ತಾನಾಗಿ ಉದುರಿಹೋಗುತ್ತದೆ. ಆದರೆ ಈಚಿನ ಕೆಲವು ವೈರಸ್ಸುಗಳು ಎರಡನೆಯ ಸಲವೂ ಬರುವುದನ್ನು ಕಲಿತಿರುವುದರಿಂದ ಇದೊಂದನ್ನೇ ನಂಬಿ ಕೂರುವಂತಿಲ್ಲ.

ನಾಲ್ಕನೆಯದು, ಲಗತ್ತಿನ ಪರೀಕ್ಷೆ. ತಾನಾಗಿ ಓಡುವ ಕಾರ್ಯಕ್ರಮದ ಕಡತಗಳನ್ನು ಜಿಮೇಲಿನಂಥ ಸೇವೆಗಳು ಒಳಗೇ ಬಿಡುವುದಿಲ್ಲ. ಅದಕ್ಕಾಗಿಯೇ ಕಳ್ಳರು ಕಡತವನ್ನು ಪಾಸ್‌ವರ್ಡು ಹಾಕಿ ಮುಚ್ಚಿ, ಪಾಸ್‌ವರ್ಡನ್ನು ಪತ್ರದಲ್ಲೇ ಬರೆದು ಕಳುಹಿಸುತ್ತಾರೆ. ಬೀಗವನ್ನೂ ಬೀಗದಕೈಯನ್ನೂ ಒಂದೇ ಲಕೋಟೆಯಲ್ಲಿ ಇಟ್ಟು ಕಳುಹಿಸಿದವರನ್ನು ಅನುಮಾನಿಸಲೇಬೇಕು.

ಐದನೆಯದು ಕಳುಹಿಸುವ ಕಡೆಯ ತಡೆ. ಕಂಪ್ಯೂಟರಿನಿಂದ ಹೊರಹೋಗಲು ಸಂಖ್ಯೆ ಹಾಕಿದ ಬಾಗಿಲುಗಳಿರುತ್ತವೆ. ಸರ್ವರಿನಿಂದ ಸರ್ವರಿಗೆ ಪತ್ರ ಹೋಗುವ ಬಾಗಿಲು 25ನೆಯದು. ಮನೆಯ ಕಂಪ್ಯೂಟರು ಆ ಬಾಗಿಲನ್ನು ನೇರವಾಗಿ ಉಪಯೋಗಿಸುವ ಅಗತ್ಯವಿಲ್ಲ. ನಮ್ಮ ಪತ್ರ ಸಾಮಾನ್ಯವಾಗಿ 587ನೆಯ ಬಾಗಿಲಿನಿಂದ, ಪಾಸ್‌ವರ್ಡು ತೋರಿಸಿ, ನಮ್ಮ ಸರ್ವರಿಗೆ ಹೋಗುತ್ತದೆ. ಆದುದರಿಂದ ಕಚೇರಿಯ ಇಂಟರ್‌ನೆಟ್ ಪೆಟ್ಟಿಗೆಯಲ್ಲಿ 25ನ್ನು ಮುಚ್ಚಿಸಿಟ್ಟರೆ, ಒಳಗಿನ ಯಂತ್ರಕ್ಕೆ ರೋಗ ಬಂದರೂ ಅದು ಊರೆಲ್ಲ ಕಸ ಚೆಲ್ಲಲಾರದು. ನಮ್ಮಲ್ಲಿ ಅದನ್ನೂ ಈಗ ಮುಚ್ಚಿಸಿದ್ದೇವೆ.

ಇಷ್ಟೆಲ್ಲ ಇದ್ದೂ ಒಂದು ಬಗೆಯ ಪತ್ರ ಈ ಎಲ್ಲ ತಪಾಸಣೆಗಳನ್ನೂ ಪಾಸಾಗಿ ಬರುತ್ತದೆ. ವೈರಸ್ಸು ಯಾರದಾದರೂ ಪಾಸ್‌ವರ್ಡನ್ನು ಕದ್ದು, ಅವರ ನಿಜವಾದ ಖಾತೆಗೇ ನುಗ್ಗಿ, ಅಲ್ಲಿಂದ ಪತ್ರ ಹಾಕಿದರೆ ಲಾರಿಯೂ ಸರಿ, ಮುದ್ರೆಯೂ ಸರಿ, ಒಳಗಿನ ಮಾಲು ಮಾತ್ರ ಕಳ್ಳಮಾಲು. ಇದನ್ನು ಜಂಕ್ಷನ್ನಿನಲ್ಲಿ ಹಿಡಿಯುವುದು ಕಷ್ಟ. ಇಲ್ಲಿ ನಮ್ಮ ನಮ್ಮ ಎಚ್ಚರವೇ ಬೇಕು.

ಸದಸ್ಯರು ಮಾಡಬೇಕಾದ್ದು

1. ಪರಿಚಿತರ ಹೆಸರಿನಲ್ಲಿ ವಿಚಿತ್ರ ಪತ್ರ ಬಂದರೆ ಅವರ ವಿಳಾಸವನ್ನು ಬ್ಲಾಕ್ ಮಾಡಬೇಡಿ. ಆ ಪತ್ರವನ್ನು ಮಾತ್ರ 'ಸ್ಪಾಮ್' ಎಂದು ಗುರುತು ಹಾಕಿ. ಅನಂತರ ಅವರಿಗೆ ಫೋನು ಮಾಡಿ ತಿಳಿಸಿ. ತಮ್ಮ ಯಂತ್ರ ಹಾಳಾಗಿರುವುದು ಬಹಳ ಮಂದಿಗೆ ಇಂಥ ಫೋನಿನಿಂದಲೇ ಗೊತ್ತಾಗುವುದು.

2. ಅಂಥ ಪತ್ರಕ್ಕೆ ಬೈದು ಉತ್ತರ ಬರೆಯಬೇಡಿ. ಹೆಸರು ಸುಳ್ಳಾಗಿದ್ದರೆ ನಿಮ್ಮ ಬೈಗುಳ ನಿರಪರಾಧಿಗೆ ಹೋಗುತ್ತದೆ, ನಿಜವಾಗಿದ್ದರೆ ಕಳ್ಳನೇ ಓದುತ್ತಾನೆ. 'ನಾನು ಊರಲ್ಲಿಲ್ಲ' ಎಂಬ ತಾನಾಗಿ ಹೋಗುವ ಉತ್ತರವನ್ನೂ ಅಗತ್ಯವಿಲ್ಲದಾಗ ನಿಲ್ಲಿಸಿಡಿ.

3. ಲಗತ್ತನ್ನು ತೆರೆದಾಗ 'ಎನೇಬಲ್ ಕಂಟೆಂಟ್' ಒತ್ತಿ ಎಂದರೆ ಒತ್ತಬೇಡಿ. ಅದು ಕಾಗದದೊಳಗೆ ಅಡಗಿಸಿಟ್ಟ ಕಾರ್ಯಕ್ರಮಕ್ಕೆ ನಾವೇ ಬಾಗಿಲು ತೆರೆದಂತೆ. 2022ರಿಂದ ಮೈಕ್ರೋಸಾಫ್ಟಿನವರು ಇಂಟರ್‌ನೆಟ್ಟಿನಿಂದ ಬಂದ ಕಡತಗಳಲ್ಲಿ ಇದನ್ನು ತಾವಾಗಿಯೇ ತಡೆಯತೊಡಗಿದ್ದಾರೆ. ಆದರೆ ಹಳೆಯ ಆಫೀಸ್ ಇರುವ ಯಂತ್ರಗಳಿಗೆ ಆ ರಕ್ಷಣೆ ಇಲ್ಲ. ನಮ್ಮ ಕಚೇರಿಯದೂ ಹಳೆಯದೇ ಆಗಿತ್ತು.

4. 'ಸ್ಪಾಮ್' ಕಪಾಟನ್ನು ವಾರಕ್ಕೊಮ್ಮೆ ನೋಡಿ. ತಪಾಸಣೆಯವರು ಒಮ್ಮೊಮ್ಮೆ ಒಳ್ಳೆಯ ಪತ್ರವನ್ನೂ ಅಲ್ಲಿ ಎಸೆದಿರುತ್ತಾರೆ. ಸಂಘದ ಪತ್ರ ಅಲ್ಲಿ ಸಿಕ್ಕಿದರೆ 'ಇದು ಸ್ಪಾಮ್ ಅಲ್ಲ' ಎಂದು ಗುರುತು ಹಾಕಿ. ಹಿಂದೆ ಸಂಘವನ್ನು ಬ್ಲಾಕ್ ಮಾಡಿದ್ದವರು ದಯವಿಟ್ಟು ಈಗ ಅದನ್ನು ತೆಗೆಯಿರಿ.

5. ಇ-ಮೇಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಪಾಸ್‌ವರ್ಡು ಕಳುವಾದರೂ ನಿಮ್ಮ ಫೋನಿಗೆ ಬರುವ ಎರಡನೆಯ ಗುರುತು ಇಲ್ಲದೆ ಕಳ್ಳ ಸುಲಭವಾಗಿ ಒಳಗೆ ಹೋಗಲಾರ. ಆ ಸಂಖ್ಯೆಯನ್ನು ಕೇಳಿದವರು ಯಾರೇ ಆಗಲಿ, ಹೇಳಬಾರದು.

6. ಪಹಣಿ, ಬಿಲ್ಲು ಕಳುಹಿಸಲು ಪೇಟೆಯ ಕಂಪ್ಯೂಟರು ಅಂಗಡಿಗೆ ಹೋಗುವವರು, ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಗೆ ಬಂದಿದ್ದೇವೆಯೇ ಎಂದು ಖಾತರಿ ಮಾಡಿಕೊಳ್ಳಿ. 'ಪಾಸ್‌ವರ್ಡು ನೆನಪಿಟ್ಟುಕೊಳ್ಳಲೇ?' ಎಂದು ಯಂತ್ರ ಕೇಳಿದರೆ ಬೇಡವೆನ್ನಿ. ಹತ್ತು ಜನರ ಪೆನ್‌ಡ್ರೈವ್ ಹಾಕಿ ತೆಗೆಯುವ ಯಂತ್ರ, ಹತ್ತು ತೋಟದ ಗೋಣಿಚೀಲ ಬಂದು ಬೀಳುವ ಕೋಣೆಯಂತೆ. ಅಲ್ಲಿಂದ ತಂದ ಪೆನ್‌ಡ್ರೈವನ್ನು ಪರೀಕ್ಷೆ ಮಾಡದೆ ಮನೆಯ ಯಂತ್ರಕ್ಕೆ ಹಾಕಬಾರದು.

7. ಫೋನು ಮಾತ್ರ ಇರುವವರು 'ನಮಗೆ ಇದು ಸಂಬಂಧಿಸಿದ್ದಲ್ಲ' ಎಂದುಕೊಳ್ಳಬಾರದು. ಮದುವೆಯ ಕರೆಯೋಲೆ, ವಾಹನದ ದಂಡದ ಚೀಟಿ, ರೈತರ ಯೋಜನೆಯ ಅರ್ಜಿ ಎಂಬ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಬರುವ 'ಎ.ಪಿ.ಕೆ.' ಕಡತ ಇದೇ ರೋಗದ ಇನ್ನೊಂದು ಅವತಾರ. ಅದನ್ನು ಫೋನಿಗೆ ಹಾಕಿಕೊಂಡರೆ ಬ್ಯಾಂಕಿನ ಸಂದೇಶಗಳನ್ನೂ ಕಳ್ಳ ಓದಬಲ್ಲ. ಅದೂ ಪರಿಚಿತರ ಸಂಖ್ಯೆಯಿಂದಲೇ ಬರುತ್ತದೆ.

ನಮ್ಮ ಯಂತ್ರಕ್ಕೇ ರೋಗ ಬಂದಿದ್ದರೆ?

ನಾವು ಕಳುಹಿಸದ ಪತ್ರಗಳು 'ತಲುಪಲಿಲ್ಲ' ಎಂದು ವಾಪಸು ಬರುವುದು, 'ಕಳುಹಿಸಿದವು' ಎಂಬ ಕಪಾಟಿನಲ್ಲಿ ಗೊತ್ತಿಲ್ಲದ ಪತ್ರಗಳು ಕಾಣುವುದು, ಯಂತ್ರ ಕಾರಣವಿಲ್ಲದೆ ನಿಧಾನವಾಗುವುದು, ಪರಿಚಿತರಿಂದ ದೂರು ಬರುವುದು ಇವು ಲಕ್ಷಣಗಳು. ವಾಪಸು ಪತ್ರ ಮಾತ್ರ ಬರುತ್ತಿದ್ದು ಬೇರಾವ ಲಕ್ಷಣವೂ ಇಲ್ಲದಿದ್ದರೆ, ಯಾರೋ ನಿಮ್ಮ ಹೆಸರನ್ನು ಮಾತ್ರ ಬಳಸಿಕೊಂಡಿರಬಹುದು. ಗಾಬರಿಯಾಗಬೇಕಿಲ್ಲ.

ಉಳಿದ ಲಕ್ಷಣಗಳಿದ್ದರೆ ಮೊದಲು ಆ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ. ಪಾಸ್‌ವರ್ಡನ್ನು ಬೇರೊಂದು ಒಳ್ಳೆಯ ಯಂತ್ರದಿಂದ ಬದಲಾಯಿಸಿ. ರೋಗ ಹಿಡಿದ ಯಂತ್ರದಲ್ಲೇ ಬದಲಾಯಿಸಿದರೆ ಹೊಸ ಪಾಸ್‌ವರ್ಡೂ ಕಳ್ಳನಿಗೆ ಹೋಗುತ್ತದೆ. ನಿಮ್ಮ ಪತ್ರಗಳ ನಕಲು ಬೇರೆ ವಿಳಾಸಕ್ಕೆ ಹೋಗುವಂತೆ ಯಾರಾದರೂ ಏರ್ಪಾಡು ಮಾಡಿದ್ದಾರೆಯೇ ಎಂದು ಖಾತೆಯ 'ಫಾರ್ವರ್ಡಿಂಗ್' ವಿಭಾಗದಲ್ಲಿ ನೋಡಿ. ಅನಂತರ ಯಂತ್ರವನ್ನು ಶುದ್ಧಿ ಮಾಡಬೇಕು.

ಇದಕ್ಕೆ ಕೇಂದ್ರ ಸರ್ಕಾರದ್ದೇ ಒಂದು ಸೇವೆಯಿದೆ. 2004ರಲ್ಲಿ ಸ್ಥಾಪನೆಯಾದ ಸರ್ಟ್-ಇನ್ ಸಂಸ್ಥೆಯ ಆಶ್ರಯದಲ್ಲಿ 2017ರ ಫೆಬ್ರವರಿಯಿಂದ 'ಸೈಬರ್ ಸ್ವಚ್ಛತಾ ಕೇಂದ್ರ' ನಡೆಯುತ್ತಿದೆ. ವೈರಸ್ ಹಿಡಿದ ಯಂತ್ರಗಳನ್ನು ಪತ್ತೆಮಾಡಿ ಇಂಟರ್‌ನೆಟ್ ಕಂಪನಿಗಳ ಮೂಲಕ ಬಳಕೆದಾರರಿಗೆ ತಿಳಿಸುವುದು ಮತ್ತು ಶುದ್ಧಿ ಮಾಡುವ ಕಾರ್ಯಕ್ರಮಗಳನ್ನು ಉಚಿತವಾಗಿ ಕೊಡುವುದು ಅದರ ಕೆಲಸ. ಹಳೆಯ ವಿಂಡೋಸ್ ಇಟ್ಟುಕೊಂಡವರು ಇನ್ನೊಂದನ್ನು ಗಮನಿಸಬೇಕು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೂ ಕಂಪನಿಯ ಸಾಮಾನ್ಯ ಬೆಂಬಲ ಮುಗಿದಿದೆ. ಬೇಲಿ ಹರಿದರೂ ಕಟ್ಟುವವರಿಲ್ಲದ ತೋಟದಂತೆ ಅವುಗಳ ಸ್ಥಿತಿ.

ಶುದ್ಧಿ ಏಕೆ ಇಷ್ಟು ಮುಖ್ಯವೆಂಬುದಕ್ಕೆ ಒಂದು ನಿದರ್ಶನ. 2008ರ ನವೆಂಬರ್ 11ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ 'ಮೆಕ್‌ಕೋಲೋ' ಎಂಬ ಕಂಪನಿಯ ಇಂಟರ್‌ನೆಟ್ ಸಂಪರ್ಕವನ್ನು ಕಡಿದುಹಾಕಲಾಯಿತು. ರೋಗ ಹಿಡಿದ ಲಕ್ಷಾಂತರ ಯಂತ್ರಗಳಿಗೆ ಆಜ್ಞೆ ಹೋಗುತ್ತಿದ್ದದ್ದು ಅಲ್ಲಿಂದ. ಕೂಡಲೇ ಜಗತ್ತಿನ ಕಸದಂಚೆ ಅರ್ಧಕ್ಕಿಂತ ಹೆಚ್ಚು ಇಳಿದುಹೋಯಿತು. ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಏರಿತು. ಯಜಮಾನ ಹೋದನೇ ಹೊರತು ರೋಗದ ಯಂತ್ರಗಳು ಮನೆಮನೆಗಳಲ್ಲಿ ಹಾಗೆಯೇ ಉಳಿದಿದ್ದವು, ಹೊಸ ಯಜಮಾನರು ಬಂದರು. ಸುಗ್ಗಿ ಮುಗಿದ ಮೇಲೆ ಬುಡದಲ್ಲಿ ಬಿದ್ದ ಕಾಯಿಯನ್ನು ಆರಿಸದೆ ಬಿಟ್ಟ ತೋಟದಲ್ಲಿ ಮರುವರ್ಷ ಕೊರಕ ಎದ್ದಂತೆಯೇ ಇದು.

ಹಣದ ವಿಷಯ

ಕಸದಂಚೆಯಿಂದ ಬರೀ ಬೇಸರವಾದರೆ ಸಹಿಸಬಹುದು. ಹಳೆಯ ಪತ್ರವ್ಯವಹಾರವನ್ನು ಓದಿದ ಕಳ್ಳನಿಗೆ ಯಾರಿಗೆ ಯಾರಿಂದ ಎಷ್ಟು ಹಣ ಬರಬೇಕೆಂಬುದು ಗೊತ್ತಿರುತ್ತದೆ. ಸರಿಯಾದ ಸಮಯ ನೋಡಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಕಟ್ಟಿ" ಎಂದು ಬರೆಯುತ್ತಾನೆ. ಸಂಘದ ಹೆಸರಿನಲ್ಲಿ ಅಂಥ ಒಂದು ಪತ್ರವೂ ಆಗ ಹೋಗಿತ್ತು. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಸದಸ್ಯೆಯೊಬ್ಬರು ಗೊಬ್ಬರದ ಬಾಕಿ ಕಟ್ಟುವ ಮೊದಲು ಕಚೇರಿಗೆ ಫೋನು ಮಾಡಿ, "ಏನ್ರೀ, ಬ್ಯಾಂಕು ಬದಲಾಯಿಸಿದ್ದೀರಂತೆ?" ಎಂದು ಕೇಳಿದ್ದರಿಂದ ಸಂಗತಿ ಬಯಲಾಯಿತು. ಅವರ ಒಂದು ಫೋನು ಉಳಿದವರ ಹಣವನ್ನೂ ಉಳಿಸಿತು. ಅವರಿಗೆ ಸಂಘ ಋಣಿಯಾಗಿದೆ.

ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಕೆ.ಜಿ.ಎಫ್.ನವರಿಗೆ ಈ ಅಂಕೆ ನೆನಪಿಡುವುದು ಸುಲಭ. ಬೆರಳಚ್ಚಿನ ನೋಂದಣಿಯ ವಿರುದ್ಧ ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದ ವರ್ಷವೂ 1930. ಕೇಂದ್ರದ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ಬರೆಯಿಸಬಹುದು. ಚಿನ್ನದ ಗಣಿ ಮುಚ್ಚಿದ 2001ರಲ್ಲೇ ನಮ್ಮ ರಾಜ್ಯದ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಆರಂಭವಾಯಿತು. ಆಗ ಎಲ್ಲಕ್ಕೂ ಬೆಂಗಳೂರಿಗೆ ಹೋಗಬೇಕಿತ್ತು, ಈಗ ಜಿಲ್ಲೆಗಳಲ್ಲೇ ಸಿ.ಇ.ಎನ್. ಠಾಣೆಗಳಿವೆ.

ಸಂಘದ ತೀರ್ಮಾನಗಳು

ಆದ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ಆಡಳಿತ ಮಂಡಲಿ ಕೆಳಗಿನಂತೆ ತೀರ್ಮಾನಿಸಿದೆ. ಬ್ಯಾಂಕ್ ಖಾತೆಯ ಬದಲಾವಣೆಯನ್ನು ಸಂಘ ಎಂದೂ ಇ-ಮೇಲಿನಲ್ಲಿ ತಿಳಿಸುವುದಿಲ್ಲ. ಅದು ಈ ಪತ್ರಿಕೆಯಲ್ಲಿ ಅಚ್ಚಾಗಿ, ಮೊಹರು ಹಾಕಿದ ಕಾಗದದಲ್ಲಿ ಬರುತ್ತದೆ. ಹಾಗೆ ಬಾರದ ಯಾವ ಸೂಚನೆಯನ್ನೂ ನಂಬಬೇಕಾಗಿಲ್ಲ. ಲಾರಿಯ ದಿನ ಬದಲಾದರೆ ಇ-ಮೇಲಿನ ಜೊತೆಗೆ ಪ್ರತಿ ಸದಸ್ಯರಿಗೂ ಫೋನು ಮಾಡಿ ತಿಳಿಸಲಾಗುವುದು. ಸಂಘದಿಂದ ಹೋಗುವ ಲಗತ್ತುಗಳು ಪಿ.ಡಿ.ಎಫ್. ರೂಪದಲ್ಲಿ ಮಾತ್ರ ಇರುತ್ತವೆ, ಬೇರೆ ರೂಪದ್ದು ಬಂದರೆ ತೆರೆಯದೆ ನಮಗೆ ತಿಳಿಸಿ. ಬೂದಿಕೋಟೆಯ ಸದಸ್ಯರಿಗೆ ಆದ ಟೆಂಪೋ ಬಾಡಿಗೆಯನ್ನು ಸಂಘವೇ ಭರಿಸಿದೆ. ಅವರ ಮಾಲನ್ನು ಮುಂದಿನ ಲಾರಿಯಲ್ಲಿ ಮೊದಲು ತುಂಬಲಾಯಿತು.

ಮೊದಲ ಪತ್ರ ಯಾರ ಹೆಸರಿನಲ್ಲಿ ಬಂತೋ ಆ ಸದಸ್ಯರ ಬಗ್ಗೆಯೂ ಒಂದು ಮಾತು. ಅವರ ಮೇಲೆ ಕೆಲವರು ಮುನಿಸಿಕೊಂಡಿದ್ದಾರೆಂದು ಕೇಳಿ ನಮಗೆ ಬೇಸರವಾಗಿದೆ. ಅವರ ಯಂತ್ರಕ್ಕೆ ರೋಗ ಬಂದದ್ದು ಅವರಿಗೇ ತಿಳಿದಿರಲಿಲ್ಲ, ನಮ್ಮದಕ್ಕೆ ಬಂದದ್ದು ನಮಗೂ ತಿಳಿದಿರಲಿಲ್ಲ. ತೋಟಕ್ಕೆ ಕೊಳೆ ಬಂದವರ ಮನೆಗೆ ಹೋಗುವುದನ್ನು ನಾವು ಬಿಡುವುದಿಲ್ಲವಷ್ಟೆ. ಮುಂದಿನ ಸಭೆಗೆ ಅವರು ಬರುತ್ತಾರೆ, ಎಲ್ಲರೂ ಎಂದಿನಂತೆ ಮಾತನಾಡಿಸಬೇಕೆಂದು ಕೋರುತ್ತೇವೆ.

ಇನ್ನು ಮೇಲೆ ಪ್ರತಿ ತಿಂಗಳ ಮೊದಲ ಶನಿವಾರ ಸಂಘದ ಕಚೇರಿಗೆ ಕಂಪ್ಯೂಟರನ್ನಾಗಲಿ ಪೆನ್‌ಡ್ರೈವನ್ನಾಗಲಿ ತಂದರೆ ಪರೀಕ್ಷಿಸಿ ಕೊಡುವ ಏರ್ಪಾಡು ಮಾಡಲಾಗಿದೆ. ಶುಲ್ಕವಿಲ್ಲ. ದೂರದವರು ಒಬ್ಬರ ಕೈಯಲ್ಲಿ ನಾಲ್ವರದ್ದನ್ನು ಕಳುಹಿಸಿದರೂ ನಡೆಯುತ್ತದೆ, ಯಾವುದು ಯಾರದ್ದೆಂದು ಚೀಟಿ ಅಂಟಿಸಿರಬೇಕು.